ಬೇಳೆ ಮಿಲ್ಲಿಗೆ ಕೊಟ್ಟ ಬೆಕ್ಕುಗಳು

ಸುರಪುರದ ರಂಗಂಪೇಟೆಯಲ್ಲಿ ನಮ್ಮ ದೊಡ್ಡವ್ವ ಬಾಡಿಗೆಗಿದ್ದ ಓಣಿಯಿಂದ ಯಾರು ಮನೆ ಖಾಲಿ ಮಾಡಿಕೊಂಡು ಹೋದರೂ ಪಾತ್ರೆ, ಪಲ್ಲಂಗ, ಗ್ಯಾಸಿನ ಸಿಲಿಂಡರು ಗಾಡಿ ಹತ್ತುತ್ತಿದ್ದವು, ಬೆಕ್ಕು ಮಾತ್ರ ಉಳಿಯುತ್ತಿತ್ತು. ಕಡೇಚೂರಿನ ಫ್ಯಾಕ್ಟರಿಗೆ ಕೆಲಸಕ್ಕೆ ಹೋದವರು ಎರಡು ಬಿಟ್ಟರು. ಎದುರು ಮನೆಯವರು ಯಾದಗಿರಿಗೆ ಹೋಗುವಾಗ ಮರಿಗಳ ಸಮೇತ ಐದು ಬಿಟ್ಟರು. ಏಳೂ ಬಂದು ದೊಡ್ಡವ್ವನ ಹೊಸ್ತಿಲಲ್ಲಿ ಕೂತವು. ಆಕೆ ಅಂಗನವಾಡಿಯಲ್ಲಿ ಅಡುಗೆ ಮಾಡಿದವಳು. ಹಸಿದು ಬಂದವರನ್ನು ಲೆಕ್ಕ ಹಾಕದೆ ಬಡಿಸಿ ರೂಢಿ.

ನಾನು ಶಹಾಪುರದಲ್ಲಿ ಹಳೇ ಗೋಣಿಚೀಲದ ವ್ಯಾಪಾರಿ. ಬೆನ್ನ ಮೇಲೆ ಚೀಲ ಹೊತ್ತು ಶುರು ಮಾಡಿ, ಬಾಯಿಮಾತಿನ ಬಲದಿಂದಲೇ ಅಂಗಡಿ ಕಟ್ಟಿದವನು. ಸುರಪುರದ ಕಡೆ ಹೋದಾಗಲೆಲ್ಲ ಆಕೆಗೆ ಒಣಮೀನು ಒಯ್ಯುತ್ತಿದ್ದೆ, ಮರಿಗಳ ಕಣ್ಣಿಗೆ ಔಷಧ ಹಾಕುವಾಗ ಹಿಡಿದುಕೊಳ್ಳುತ್ತಿದ್ದೆ. ನಿಮಗೂ ಹೇಳಿರುತ್ತೇನೆ, ಬೆಕ್ಕನ್ನು ಬರಿಗೈಯಲ್ಲಿ ಹಿಡಿಯಬೇಡಿ. ಕುತ್ತಿಗೆಯ ತನಕ ಚೀಲ ಸುತ್ತಿ, ಆಮೇಲೆ ಹಿಡಿಯಿರಿ.

ಒಂದು ಮುಂಜಾನೆ ಮನೆ ಮಾಲಕನ ಹೆಂಡತಿ ಮಾಳಿಗೆಯ ಮೇಲೆ ಒಣಹಾಕಿದ್ದ ಸಂಡಿಗೆಯ ಮೇಲೆ ಯಾವುದೋ ಬೆಕ್ಕು ಉಚ್ಚೆ ಹೊಯ್ದಿತು. ಮಾಲಕ ಬಾಗಿಲಿಗೇ ಬಂದ.

"ಅವ್ವಾರ, ಮನ್ಯಾಗ ಬೆಕ್ಕರ ಇರ್ಲಿ, ಇಲ್ಲಾ ನೀವರ ಇರ್ರಿ. ಅಮಾಸಿ ತನಕ ನೋಡ್ತೀನಿ."

ಇಪ್ಪತ್ತು ವರ್ಷ ಇದ್ದ ಮನೆ ಅದು. ದೊಡ್ಡವ್ವ ನನ್ನ ಕೈ ಹಿಡಿದಳು. "ತಮ್ಮಾ, ಮನಿನೂ ಉಳೀಬೇಕು, ಇವೂ ಉಳೀಬೇಕು. ಅಷ್ಟು ಮಂದೀನ ಮಾತಿನಾಗ ಹಾಕ್ಕೊಂತಿ, ಇದೊಂದು ಮಾಡು."

ನಾನು ಹೋದದ್ದು ಶಹಾಪುರದಲ್ಲಿ ನನ್ನ ಹಳೇ ಗಿರಾಕಿಯ ತೊಗರಿಬೇಳೆ ಮಿಲ್ಲಿಗೆ.

"ಸಾವ್ಕಾರ್ರ, ಇಲಿ ಚೀಲ ಕಡ್ಯಾಕತ್ತಾವಂತ ದಿನಾ ಅಳ್ತೀರಿ. ಸದ್ಯಕ್ಕ ಮೂರು ಬೆಕ್ಕು ತಂದು ಕೊಡ್ತೀನಿ. ಹಾಲು ಹಾಕಬೇಕು ನೋಡ್ರಿ."

"ಹಾಲ? ನನಗss ಮನ್ಯಾಗ ಕರೀ ಚಾ ಕೊಡ್ತಾರ. ಹಾಲು ಕುಡಿದ ಬೆಕ್ಕು ಇಲಿ ಯಾಕ ಹಿಡೀತದಲೇ?"

ಜಗ್ಗಾಡಿ ಜಗ್ಗಾಡಿ ಒಪ್ಪಿಸಿದೆ: ಮುಂಜಾನೆ ಹಾಲು-ಅನ್ನ, ಕುಡಿಯಲು ನೀರು, ಹಮಾಲರು ಒದೆಯಬಾರದು, ಮಳೆ ಬಂದರೆ ಒಳಗೆ ಬಿಡಬೇಕು. ಇಷ್ಟು ಚಲೋ ಸೌದಾ ನಾನು ಚೀಲದಲ್ಲೂ ಮಾಡಿರಲಿಲ್ಲ ಎಂದು ಹಿಗ್ಗಿದೆ.

ಬೆಕ್ಕುಗಳು ನನ್ನ ಕೈಗೆ ಬರಲಿಲ್ಲ. ದೊಡ್ಡವ್ವನೇ ಒಂದೊಂದನ್ನು ಕರೆದು, ತೊಡೆಯ ಮೇಲೆ ಕೂಡಿಸಿಕೊಂಡು, ತಲೆ ಸವರಿ ಚೀಲಕ್ಕಿಳಿಸಿದಳು. "ಅಲ್ಲಿ ಹಾಲು ಹಾಕ್ತಾರಂತ, ಹೋಗಿ ಬರ್ರಿ" ಅಂದಳು. ಬಿಟ್ಟ ಬೆಕ್ಕು ದಾರಿ ಹುಡುಕಿ ತಿರುಗಿ ಬರಬಾರದೆಂದು ನಮ್ಮ ಕಡೆ ಚೀಲವನ್ನು ಮೂರು ಸುತ್ತು ತಿರುಗಿಸುತ್ತಾರೆ. ಅದನ್ನೂ ಮಾಡಿದೆ.

ವಾರದ ಮೇಲೆ ಮಿಲ್ಲಿಗೆ ಹೋದಾಗ ಒಂದೂ ಕಾಣಲಿಲ್ಲ. ತಟ್ಟೆಯಲ್ಲಿ ಹಾಲು-ಅನ್ನ ಒಣಗಿತ್ತು. ಹಮಾಲನನ್ನು ಕೇಳಿದೆ.

"ಮೂರೂ ಸತ್ವಲ್ರಿ."

"ಹ್ಯಾಂಗ?"

"ಹ್ಯಾಂಗಂದ್ರ? ಪಾಷಾಣ ತಿಂದ ಇಲಿ ತಿಂದಾವ. ಹೋದ ವರ್ಷ ನೀವss ಹೇಳಿದ್ರಲ್ರಿ, ಮೂಲಿಗೊಂದು ಪಾಷಾಣದ ಉಂಡಿ ಇಡ್ರಿ, ಚೀಲ ಉಳೀತಾವಂತ. ಅವತ್ತಿಂದ ತಪ್ಪಿಸಿಲ್ಲ."

ಸಾವ್ಕಾರನ ಮೇಲೆ ಏರಿ ಹೋಗುವಂತೆಯೂ ಇರಲಿಲ್ಲ. ಆತ ಒಪ್ಪಿದ ಒಂದು ಮಾತಿಗೂ ತಪ್ಪಿರಲಿಲ್ಲ.

ಸುರಪುರದ ದಾರಿಯುದ್ದಕ್ಕೂ ಸುಳ್ಳು ಹೊಂದಿಸಿದೆ. ಎರಡು ಓಡಿಹೋದವು ಅನ್ನಲೇ? ಮೂರೂ ಆರಾಮ ಇವೆ ಅನ್ನಲೇ? ಹಾಗಂದರೆ ಉಳಿದ ನಾಕನ್ನೂ ಎಲ್ಲಾದರೂ ಸಾಗಿಸಿ ಆಕೆಯ ಮನೆಯನ್ನಾದರೂ ಉಳಿಸಬಹುದಿತ್ತು. ಆದರೆ ಬಾಗಿಲಲ್ಲಿ ದೊಡ್ಡವ್ವ ಖಾಲಿ ಚೀಲ ಝಾಡಿಸುತ್ತ ನಿಂತಿದ್ದಳು.

"ಬಂದೆಲ್ಲಾ, ಚಲೋ ಆತು. ಈ ನಾಕನ್ನೂ ಅಲ್ಲೇ ಒಯ್ಯಿ. ತಮ್ಮ ಮಂದಿ ಕೂಡ ಇರ್ತಾವ."

ಹೇಳಿಬಿಟ್ಟೆ. ಪಾಷಾಣ ಇಡಲು ಹೇಳಿದವನು ನಾನೇ ಎಂಬುದನ್ನೂ ಹೇಳಿದೆ. ಆಕೆ ಚೀಲ ಮಡಚಿ ಪಕ್ಕಕ್ಕಿಟ್ಟಳು.

"ಹಾಲು ಕೇಳ್ದಿ, ನೀರು ಕೇಳ್ದಿ. ಅದನ್ನೊಂದು ಕೇಳ್ಲಿಲ್ಲೇನೋ? ನಾ ನನ್ನ ಕೈಲೇ ಹಾಕಿ ಕಳಿಸಿದೆ."

ಉಳಿದ ನಾಕನ್ನು ಎಲ್ಲಿಗೂ ಕಳಿಸದೆ, ಮರುದಿನದಿಂದ ಬೇರೆ ಮನೆ ಹುಡುಕಲು ನಡೆದಳು. ನಾನೂ ಹಿಂದೆ ಹೋದೆ. ಬಾಡಿಗೆ ಮನೆ ಕೇಳುವಾಗ ಮೊದಲು ಕೀಲಿಕೈ ಇಸಕೊಳ್ಳಬೇಕು, ಬೆಕ್ಕಿನ ಮಾತು ಆಮೇಲೆ. ನಾನು ಎಲ್ಲರಿಗೂ ಹೇಳುವುದು ಇದನ್ನೇ. ಆಕೆ ಮಾತ್ರ ಬಾಗಿಲಲ್ಲೇ, "ನನ್ನ ಕೂಡ ನಾಕು ಬೆಕ್ಕದಾವ್ರಿ" ಅನ್ನುತ್ತಿದ್ದಳು. ಬಾಗಿಲು ಮುಚ್ಚುತ್ತಿತ್ತು. ನಾನು ನಡುವೆ ಬಾಯಿ ಹಾಕಿದರೆ, "ನೀ ಮಾತಾಡಬ್ಯಾಡ, ಸುಮ್ನ ನಿಂದ್ರು" ಅನ್ನುತ್ತಿದ್ದಳು.

ಕಡೆಗೆ ಸಿಕ್ಕದ್ದು ಊರಾಚೆಯ ತಗಡಿನ ಖೋಲಿ. ನಳ ಇಲ್ಲ. ಬೋರ್‌ವೆಲ್ಲಿಗೆ ಎರಡು ಹೊಲ ದಾಟಿ ಹೋಗಬೇಕು. ಖೋಲಿಯ ಮಾಲಕನ ಹತ್ತಿರ ನಳದ ಮಾತು ಎತ್ತಬೇಕೆಂದು ಒಂದು ಹೆಜ್ಜೆ ಮುಂದಿಟ್ಟೆ. ದೊಡ್ಡವ್ವ ನನ್ನ ಮುಖ ನೋಡಿದಳು. ನಾನು ಕೊಡ ಎತ್ತಿಕೊಂಡು ನೀರಿಗೆ ಹೋದೆ.