ಯಾರೂ ಹುಡುಕದ ಡಬ್ಬಿಗಳು

ಡಬ್ಬಿ ಅಂದರೆ ನನಗೆ ಗೊತ್ತಿದ್ದದ್ದು ಅಡುಗೆಮನೆಯದು. ಶೇಂಗಾ ಚಟ್ನಿಯದು, ಅಗಸಿ ಚಟ್ನಿಯದು, ಸಕ್ಕರೆಯದು. ಒಳಗೆ ಏನಾದರೂ ಇರಬೇಕು, ಬೇಕೆಂದಾಗ ಕೈಗೆ ಸಿಗಬೇಕು. ಒಳಗೆ ಏನೂ ಇಲ್ಲದ ಡಬ್ಬಿಯನ್ನು ಯಾರ ಕಣ್ಣಿಗೂ ಬೀಳದ ಹಾಗೆ ಗುಡ್ಡದ ಮೇಲೆ ಮುಚ್ಚಿಟ್ಟು ಬರುವ ಗಂಡಸರೂ ಲೋಕದಲ್ಲಿದ್ದಾರೆ, ಅವರಲ್ಲಿ ಒಬ್ಬನನ್ನು ನಾನೇ ಕಟ್ಟಿಕೊಂಡಿದ್ದೇನೆ ಎಂದು ತಿಳಿಯುವಷ್ಟರಲ್ಲಿ ನನ್ನ ತಲೆಯ ಕೂದಲು ಬೆಳ್ಳಗಾಗತೊಡಗಿತ್ತು.

ನನ್ನ ಗಂಡ ಶಹಾಪುರದಲ್ಲಿ ಹೈಸ್ಕೂಲಿನ ಡ್ರಾಯಿಂಗ್ ಮಾಸ್ತರು. ನಕ್ಷೆ ತೋರಿಸುವ ಫೋನು ಕೈಗೆ ಬಂದ ವರ್ಷ ಅವರಿಗೆ ಈ ಆಟದ ಹುಚ್ಚು ಹಿಡಿಯಿತು. ಜಿಯೋಕ್ಯಾಶಿಂಗ್ ಅಂತೆ. ಹೆಸರು ಬಾಯಲ್ಲಿ ನಿಲ್ಲುವುದಕ್ಕೇ ನನಗೆ ತಿಂಗಳು ಹಿಡಿಯಿತು. ಬಯಲಲ್ಲಿ ಒಂದು ಡಬ್ಬಿ ಮುಚ್ಚಿಡುವುದು, ಇಟ್ಟ ಜಾಗ ಫೋನಿಗೆ ಹಾಕುವುದು, ಗುರುತಿಲ್ಲದ ಯಾರೋ ಫೋನು ಹಿಡಿದುಕೊಂಡು ಬಂದು ಅದನ್ನು ಹುಡುಕುವುದು.

"ಸಿಕ್ರ ಅವರಿಗಿ ಏನ್ ಸಿಗತದ?" ಎಂದು ಕೇಳಿದೆ.

"ಡಬ್ಬಿ ಸಿಗತದ."

"ಮನಿಗಿ ಒಯ್ಯಬಹುದೇನು?"

"ಛೇ, ಅಲ್ಲೇ ಇಟ್ಟು ಹೋಗಬೇಕು. ಒಳಗಿನ ಚೀಟಿ ಮ್ಯಾಲ ಹೆಸರು ಬರದು, ಮತ್ತ ಇದ್ದಂಗೇ ಮುಚ್ಚಿಡಬೇಕು."

ಊರಿಗೆಲ್ಲ ಒಂದು ದಾರಿಯಾದರೆ ಎಡವಟ್ಟನಿಗೇ ಒಂದು ದಾರಿ ಅನ್ನುತ್ತಿದ್ದಳು ನಮ್ಮವ್ವ. ಅವಳು ಆಗಲೇ ನನ್ನ ಗಂಡನನ್ನು ನೋಡಿದ್ದಳೋ ಏನೋ.

ಆಟದ ದೊಡ್ಡ ವಿದ್ಯೆ ಎಲ್ಲ ಡಬ್ಬಿ ಆರಿಸುವುದರಲ್ಲೇ ಇದೆಯಂತೆ. ನೀರು ಹೋಗಬಾರದು, ಬಿಸಿಲಿಗೆ ಸೀಳಬಾರದು, ಇಟ್ಟ ಜಾಗದೊಳಗೆ ಬೆರೆತುಹೋಗುವಂಥ ವೇಷ ಹಾಕಿರಬೇಕು. ಮಾಸ್ತರು ವೇಷ ಕಲಿತದ್ದು ಹೊರದೇಶದವರ ವಿಡಿಯೋ ನೋಡಿ. ಅಲ್ಲಿ ಪಾಚಿ ಕಟ್ಟಿದ ಮರ, ಮೊಣಕಾಲುದ್ದ ಹಸಿರು. ಇವರು ಪ್ಲಾಸ್ಟಿಕ್ ಡಬ್ಬಿಗೆ ಗಿಳಿಹಸಿರು ಬಣ್ಣ ಬಳಿದು, ಮೇಲೆ ಎಲೆಗಳನ್ನು ಬರೆದು, ಏಪ್ರಿಲ್ ತಿಂಗಳಲ್ಲಿ ಹತ್ತಿಕುಣಿ ಕೆರೆಯ ಹತ್ತಿರ ಇಟ್ಟು ಬಂದರು. ಆ ಬಿಸಿಲಲ್ಲಿ ನಮ್ಮ ಸೀಮೆಯಲ್ಲಿ ಹಸಿರೆಂದು ಉಳಿದಿರುವುದು ಜಾಲಿ ಮಾತ್ರ, ಅದೂ ಧೂಳು ಹೊತ್ತು ಬೂದಿಬಣ್ಣ. ಆ ಡಬ್ಬಿ ಕಾಣದೆ ಇರಬೇಕಾದರೆ ನೋಡುವವನು ಕಣ್ಣು ಕಟ್ಟಿಕೊಂಡೇ ಬರಬೇಕಿತ್ತು. ವಾರದ ಮೇಲೆ ಹೋಗಿ ನೋಡಿದರೆ ಕುರಿ ಕಾಯುವ ಮುದುಕರೊಬ್ಬರು ಅದರಲ್ಲಿ ನೀರು ತುಂಬಿಕೊಂಡು ಪೊದೆಯ ಕಡೆ ಹೊರಟಿದ್ದರಂತೆ. ಬಯಲಿಗೆ ಹೋಗುವ ಜನ ಇರುವ ಊರಲ್ಲಿ, ನೀರು ಸೋರದ ಡಬ್ಬಿಯನ್ನು ಬಯಲಲ್ಲೇ ಇಟ್ಟರೆ ಮತ್ತೇನಾಗುತ್ತದೆ? ನನಗೆ ಕೇಳಿದ್ದರೆ ಹೇಳುತ್ತಿದ್ದೆ. ನನಗೆ ಯಾರು ಕೇಳುತ್ತಾರೆ!

ಯಾದಗಿರಿ ಕೋಟೆಯ ಮೇಲಿನದನ್ನು ಮಂಗ ಒಯ್ದಿತು. ಸುರಪುರದ ಗುಡ್ಡದಲ್ಲಿ ಇಟ್ಟದ್ದು ಸ್ಟೀಲಿನದು, ಬಣ್ಣ ಕಿತ್ತು ಕನ್ನಡಿಯ ಹಾಗೆ ಹೊಳೆಯುತ್ತಿತ್ತು, ಅದೂ ಹೋಯಿತು. ಆಮೇಲೆ ಮಾಸ್ತರರಿಗೆ ಜ್ಞಾನೋದಯವಾಗಿ ಕಲ್ಲಿನ ವೇಷಕ್ಕೆ ಇಳಿದರು. ಡಬ್ಬಿಯ ಮೇಲೆ ತೆಂಗಿನ ನಾರು ಸುತ್ತಿ, ಸಿಮೆಂಟ್ ಮೆತ್ತಿ, ನಮ್ಮ ಗುಡ್ಡದ ಗುಂಡುಕಲ್ಲುಗಳ ಬಣ್ಣ ಹಚ್ಚುವುದು. ಸುಳ್ಳು ಯಾಕೆ ಹೇಳಲಿ, ಕಲ್ಲುಗಳು ಕಲ್ಲಿನ ಹಾಗೇ ಇದ್ದವು. ಹಿತ್ತಲಲ್ಲಿ ಒಂದರ ಮೇಲೆ ಕುಂತು ನಾನೇ ಬಟ್ಟೆ ಒಗೆಯಲು ಹೋಗಿ ಬಿದ್ದಿದ್ದೆ. ಬಿದ್ದವಳನ್ನು ಎತ್ತುವುದು ಬಿಟ್ಟು ಈ ಖಬರಗೇಡಿ ಚಪ್ಪಾಳೆ ಹೊಡೆದರು.

"ಗೊತ್ತೇ ಆಗಲಿಲ್ಲ ನೋಡು ನಿನಗ!"

ಇಷ್ಟೆಲ್ಲ ಮಾಡಿ ಎಷ್ಟು ಜನ ಹುಡುಕಲು ಬಂದರು? ಒಬ್ಬರೂ ಇಲ್ಲ. ಮಂಗವನ್ನು ಬಿಟ್ಟರೆ ನಮ್ಮ ಜಿಲ್ಲೆಯಲ್ಲಿ ಆ ಆಟ ಆಡುವವರು ಇನ್ನೊಬ್ಬರಿರಲಿಲ್ಲ. ದಿನಾ ಸಂಜೆ ಫೋನು ತೆಗೆದು ನೋಡುವುದು, ಮುಖ ಸಪ್ಪಗೆ ಮಾಡಿಕೊಳ್ಳುವುದು. ನನಗೆ ಮರುಕವೂ ಬರುತ್ತಿರಲಿಲ್ಲ.

ಹೀಗೇ ಇದ್ದಿದ್ದರೆ ನಾನು ನಕ್ಕು ಸುಮ್ಮನಾಗುತ್ತಿದ್ದೆ. ಆದರೆ ಅವರು ಕೆನಾಲಿನ ಮೇಲೆ ಕೈಯಿಟ್ಟರು.

ನನ್ನ ತವರು ಕೆನಾಲಿನ ಕಟ್ಟಕಡೆಯ ಊರು. ತಮ್ಮ ಅಲ್ಲಿ ಮೆಣಸಿನಕಾಯಿ, ಹತ್ತಿ ಹಾಕುತ್ತಾನೆ. ಕೆನಾಲು ಬಂದು ಎಷ್ಟೋ ವರ್ಷವಾದರೂ ಕಡೆಯ ಊರಿಗೆ ಕಾಗದದ ಮೇಲೆ ಬಂದಷ್ಟು ನೀರು ಹೊಲಕ್ಕೆ ಬಂದದ್ದಿಲ್ಲ. ಮೇಲಿನವರು ಭತ್ತ ಹಚ್ಚಿ, ಕೆನಾಲಿನ ಏರಿಯೊಳಗೆ ಪೈಪು ತೂರಿಸಿ, ಮೇಲೆ ಮಣ್ಣೆಳೆದು, ಜಾಲಿಕಂಟಿ ಒಡ್ಡಿ, ನೀರು ಹೀರುತ್ತಾರೆ. ತಮ್ಮನ ಊರಿನವರು ನೀರಿನ ಪಾಳಿ ಬಂದಾಗಲೆಲ್ಲ ಏರಿ ಹಿಡಿದು ಮೇಲಕ್ಕೆ ನಡೆಯುತ್ತ ಆ ಪೈಪುಗಳನ್ನು ಹುಡುಕುತ್ತಾರೆ. ಮುಚ್ಚಿಡುವುದೂ ಹುಡುಕುವುದೂ ನಮ್ಮವರಿಗೆ ಹೊಟ್ಟೆಪಾಡು, ಅದನ್ನು ಯಾರೂ ಆಟ ಅಂದವರಲ್ಲ.

ಮಾಸ್ತರರ ತಲೆಯಲ್ಲಿ ಏನು ಹೊಳೆಯಿತು ಗೊತ್ತೇ? ಪೈಪು ಇರುವ ಕಡೆ ಪೈಪು ಇಟ್ಟರೆ ಯಾರಿಗೆ ಗೊತ್ತಾಗುತ್ತದೆ ಎಂದು! ಎರಡೂ ಕಡೆ ಮುಚ್ಚಳವಿರುವ ಪ್ಲಾಸ್ಟಿಕ್ ಪೈಪಿನ ತುಂಡಿಗೆ ಕೆಸರಿನ ಬಣ್ಣ ಹಚ್ಚಿಕೊಂಡು, ಆಷಾಢದ ಕಡೆಯ ಒಂದು ಮುಂಜಾನೆ, ನೀರಿನ ಪಾಳಿಯ ದಿನವೇ ಏರಿಯ ಮೇಲೆ ಕುಕ್ಕರಗಾಲಲ್ಲಿ ಕುಂತು ಅದನ್ನು ಮಣ್ಣಿನೊಳಗೆ ತುರುಕುತ್ತಿದ್ದರು. ಬಾಜೂಕೆ ಕಡಿದಿಟ್ಟ ಜಾಲಿಕಂಟಿ ಬೇರೆ. ಆಗ ಮೇಲಕ್ಕೆ ಬರುತ್ತಿದ್ದ ಇಪ್ಪತ್ತು ಜನ ಬಡಿಗೆ ಹಿಡಿದು ಸುತ್ತಲೂ ನಿಂತರು. ಅವರೊಳಗೆ ನನ್ನ ತಮ್ಮನೂ ಇದ್ದ.

ಅವರು ಬಡಿಯಲಿಲ್ಲ, ಬಡಿಯಲು ತಮ್ಮ ಬಿಡಲಿಲ್ಲ. ಆದರೆ ಮಧ್ಯಾಹ್ನ ಅವನು ನಮ್ಮ ಮನೆಗೆ ಬಂದ. ಚಪ್ಪಲಿ ಬಿಡಲಿಲ್ಲ, ಹೊಸ್ತಿಲು ದಾಟಲಿಲ್ಲ. ಪೈಪಿನ ತುಂಡನ್ನು ಅಂಗಳಕ್ಕೆ ಒಗೆದ.

"ಅಕ್ಕಾ, ಮಾಮಾ ಮ್ಯಾಲಿನವರಿಗಿ ಪೈಪ್ ಹಚ್ಚಿ ಕೊಡಾಕತ್ತಾರ. ನಮ್ಮ ಸಸಿ ಒಣಗಾಕತ್ತಾವ, ಇವರು ಅಲ್ಲಿ ಕುಂತು ಪೈಪ್ ಮುಚ್ಚಾಕತ್ತಾರ. ಇನ್ನ ಮ್ಯಾಲ ಈ ಮನ್ಯಾಗ ನಾ ನೀರು ಸೈತ ಕುಡಿಯಂಗಿಲ್ಲ."

"ಅಯ್ಯ, ಕೇಳೋ ಇಲ್ಲಿ, ಅದು ಆಟದ್ದು, ಡಬ್ಬಿ ಅದು..."

"ಆಟದ್ದಾ?" ಎಂದ. ಆ ಮಾತು ನನ್ನ ಕಿವಿಗೇ ಸುಳ್ಳಿನ ಹಾಗೆ ಕೇಳಿಸಿತು.

ನಾಗರಪಂಚಮಿಗೆ ಇನ್ನು ಒಂದು ವಾರವಿತ್ತು. ನಮ್ಮ ಕಡೆ ಪಂಚಮಿಗೆ ಕರೆಯಲು ಅಣ್ಣತಮ್ಮಂದಿರು ಬರಲಿಲ್ಲವೆಂದರೆ ಆ ಹೆಣ್ಣಿಗೆ ತವರು ತೀರಿತು ಅಂತಲೇ ಅರ್ಥ. ಅಪ್ಪ ಅವ್ವ ಹೋದ ಮೇಲೆ ನನಗಿದ್ದದ್ದು ಆ ಒಬ್ಬ ತಮ್ಮ. ಅವನೂ ಹೋದರೆ ನನಗೆ ಯಾರು? ರೊಟ್ಟಿ ಬಡಿಯುತ್ತ ಬಡಿಯುತ್ತ ಅತ್ತೆ. ಅಳುತ್ತಲೇ ಲೆಕ್ಕ ಹಾಕಿದೆ: ನನ್ನ ಗಂಡ ಕಳ್ಳನಾಗಿರಬೇಕು, ಇಲ್ಲ ಹುಚ್ಚನಾಗಿರಬೇಕು. ಮೂರನೆಯದಿಲ್ಲ. ಹಾಗಿದ್ದರೆ ಹುಚ್ಚನೇ ಇರಲಿ.

ಮರುದಿನ ತಮ್ಮನ ಊರಿನ ಹನುಮಪ್ಪನ ಗುಡಿಯ ಕಟ್ಟೆಗೆ ಪಂಚಾಯ್ತಿ ಕರೆದಿದ್ದರು. ಪೈಪು ಸಿಕ್ಕ ಜಾಗದ ಬಾಜೂ ಹೊಲದ ಸಾಹುಕಾರನನ್ನೂ ಕರೆಸಿದ್ದರು. ಅವನ ಭತ್ತಕ್ಕೆ ನೀರು ಎಲ್ಲಿಂದ ಬರುತ್ತದೆಂದು ಎಲ್ಲರಿಗೂ ಗೊತ್ತಿತ್ತು, ಹಿಡಿದವರು ಯಾರೂ ಇರಲಿಲ್ಲ. ಯಾರೂ ಏನೂ ಕೇಳುವ ಮುಂಚೆಯೇ, "ನನಗ ಈ ಮಾಸ್ತರ ಮಾರಿನೇ ಗೊತ್ತಿಲ್ಲ" ಎಂದು ಶುರು ಮಾಡಿದ. ಕುಂಬಳಕಾಯಿ ಕಳ್ಳ ಅಂದರೆ ಹೆಗಲು ಮುಟ್ಟಿಕೊಂಡನಂತೆ.

ನಾನು ಟಂಟಂ ಆಟೋದಲ್ಲಿ ಒಂದು ಚೀಲ ಹೇರಿಕೊಂಡು ಹೋಗಿದ್ದೆ. ಮನೆಯಲ್ಲಿದ್ದ ಡಬ್ಬಿಗಳನ್ನೆಲ್ಲ ಕಟ್ಟೆಯ ಮುಂದೆ ಸುರಿದೆ. ಕಲ್ಲಿನ ವೇಷದವು, ಮರದ ತೊಗಟೆ ಅಂಟಿಸಿದವು, ಒಂದು ಸಗಣಿ ಕುಳ್ಳಿನ ವೇಷದ್ದು. ಒಂದೊಂದನ್ನೇ ತೆಗೆದು ತೋರಿಸಿದೆ. ಮಾಸ್ತರು ತಲೆ ತಗ್ಗಿಸಿ ಕುಂತಿದ್ದರು.

ಹಿರಿಯರೊಬ್ಬರು ಕೇಳಿದರು, "ಇದರಾಗ ಏನ್ ಇಡ್ತಾರವ್ವ?"

"ಏನೂ ಇಡಂಗಿಲ್ರಿ. ಒಂದು ಚೀಟಿ, ಅಷ್ಟೇ."

"ಮತ್ತ ಯಾಕ ಮುಚ್ಚಿಡ್ತಾರ?"

"ಮಂದಿ ಬಂದು ಹುಡುಕಲಿ ಅಂತರಿ."

"ಯಾರು ಹುಡುಕ್ಯಾರ?"

"ಇಲ್ಲೀತನ ಒಬ್ಬರೂ ಹುಡುಕಿಲ್ರಿ. ಒಂದು ಮಂಗ್ಯಾ ಒಯ್ದದ."

ಕಟ್ಟೆಯೇ ನಕ್ಕಿತು. ಹೆಂಗಸರು ಸೆರಗು ಬಾಯಿಗಿಟ್ಟುಕೊಂಡು ನಕ್ಕರು. ಹಿರಿಯರು ಕಣ್ಣೊರೆಸಿಕೊಂಡು, "ಬಿಡ್ರಪ, ಇವರು ಕಳ್ಳರಲ್ಲ. ಕಳ್ಳರಿಗಿ ಇಷ್ಟು ಪುರಸೊತ್ತು ಎಲ್ಲಿರತದ!" ಎಂದರು. ಆ ಕುಳ್ಳನ್ನು ಒಬ್ಬಳು ನಿಜವೆಂದು ಒಲೆಗೆ ಎತ್ತಿಕೊಂಡದ್ದು ಆಮೇಲಿನ ಮಾತು.

ತಮ್ಮ ಮಾತ್ರ ನಗಲಿಲ್ಲ. ಅವನ ಕಣ್ಣು ಸಾಹುಕಾರನ ಮೇಲಿತ್ತು. ಸಾಹುಕಾರ ಒಂದು ಕಲ್ಲನ್ನು ಕೈಯಲ್ಲಿ ಹಿಡಿದು ತಿರುವಿ ತಿರುವಿ ನೋಡುತ್ತಿದ್ದ.

"ಮಾಮಾ ಹುಚ್ಚರು ಅನ್ನೂದು ನಂಬತೀನಿ ಅಕ್ಕಾ," ಎಂದ ತಮ್ಮ. "ಹುಚ್ಚರ ಕೈಲೆ ಕೆಲಸ ತಗೊಳ್ಳೂ ಶಾಣ್ಯಾರು ಇರ್ತಾರ. ಪಂಚಮಿದು ಮುಂದ ನೋಡೂಣು."

ಮನೆಗೆ ಬರುವ ದಾರಿಯಲ್ಲಿ ಮಾಸ್ತರು ಒಂದೇ ಮಾತಾಡಿದರು: "ಕಳ್ಳ ಅಂದಿದ್ರ ಪಾಡಿತ್ತು." ನಾನು ಉತ್ತರ ಕೊಟ್ಟಿದ್ದರೆ ಟಂಟಂ ನಿಲ್ಲಿಸಿ ಜನ ಸೇರುತ್ತಿದ್ದರು.

ಪಂಚಮಿಯ ಮುನ್ನಾದಿನ. ಕರೆಯಲು ಬರುತ್ತಾನೋ ಇಲ್ಲವೋ ಎಂದು ಮುಂಜಾನೆಯಿಂದ ಬಾಗಿಲ ಕಡೆಗೇ ಕಿವಿ ಇಟ್ಟಿದ್ದೆ. ಗಾಡಿಯ ಸದ್ದಾಯಿತು. ಓಡಿ ಬಂದರೆ ಆ ಸಾಹುಕಾರ. ಕೈಯಲ್ಲಿ ಬಾಳೆಹಣ್ಣು. ಕುರ್ಚಿಯಲ್ಲಿ ಕುಂತು ಮಾಸ್ತರರಿಗೆ "ಸರ್" ಎಂದ.

"ಏನ್ ಕಲಾ ಅದ ಸರ್ ನಿಮ್ಮ ಕೈಯಾಗ! ಕಲ್ಲು ಅಂದ್ರ ಕಲ್ಲು. ಅಂಥವು ನಾಕು ಮಾಡಿ ಕೊಡ್ರಿ. ಪೈಪಿನ ಬಾಯಿ ಮ್ಯಾಲ ಇಟ್ರ ದೇವರು ಬಂದ್ರೂ ಗೊತ್ತಾಗಬಾರದು."

ಬದುಕಿನಲ್ಲಿ ಮೊದಲ ಸಲ ಒಬ್ಬರು ಹೊಗಳಿದ್ದರು. ಮಾಸ್ತರರ ಮುಖ ಅರಳಿತು. ಥೂ, ಇಷ್ಟಕ್ಕೇ! ನಾನು ಬಾಯಿ ತೆರೆಯಬೇಕು, ಅಷ್ಟರಲ್ಲಿ ಬಾಗಿಲಲ್ಲಿ ತಮ್ಮ ಕಂಡ. ಕಾಲಲ್ಲಿ ಚಪ್ಪಲಿ ಹಾಗೇ ಇತ್ತು. ಸಾಹುಕಾರನನ್ನೂ ಬಾಳೆಹಣ್ಣನ್ನೂ ನೋಡಿದ.

"ನಾಕ್ಯಾಕ್ರಿ, ಹತ್ತು ಮಾಡಿ ಕೊಡ್ತೀನಿ," ಎಂದರು ನನ್ನ ಗಂಡ. ತಮ್ಮ ತಿರುಗಿ ಹೊರಡಲು ಒಂದು ಹೆಜ್ಜೆ ಹಿಂದೆ ಇಟ್ಟ.

"ಆದ್ರ ಆಟಕ್ಕ ಒಂದು ನೇಮ ಅದ್ರಿ," ಎಂದು ಮಾಸ್ತರು ಫೋನು ತೆಗೆದರು, ಮಕ್ಕಳಿಗೆ ಪಾಠ ಹೇಳುವ ಹಾಗೆ. "ಇಟ್ಟ ಜಾಗಾ ಇದರಾಗ ಹಾಕಬೇಕು. ಇಂಥಾ ಹೊಲದ ಬಾಜೂ, ಇಂಥಾ ಕಲ್ಲು ಅಂತ. ಎಲ್ಲಾ ಮಂದಿಗಿ ಗೊತ್ತಾಗಬೇಕು, ಯಾರು ಬೇಕಾದ್ರೂ ಬಂದು ಎತ್ತಿ ನೋಡಬೇಕು."

"ಏ, ಯಾರಿಗೂ ಹೇಳದಂಗ ಸರ್..."

"ಅದು ಹ್ಯಾಂಗ ಆಗತದ್ರಿ? ಮುಚ್ಚಿಟ್ಟು ಹೇಳಲಿಲ್ಲಂದ್ರ ಅದು ಆಟ ಅಲ್ರಿ. ಕಳವು."

ವ್ಯಂಗ್ಯವಿಲ್ಲ, ಸಿಟ್ಟಿಲ್ಲ. ಬೇಕಾದರೆ ಈಗಲೇ ಹೋಗಿ ಜಾಗ ನೋಡೋಣವೆಂದು ಎದ್ದೂ ನಿಂತರು. ಸಾಹುಕಾರ ಅವರ ಮುಖವನ್ನು ನೋಡಿದ, ನನ್ನ ಮುಖವನ್ನು ನೋಡಿದ, ಬಾಗಿಲಲ್ಲಿದ್ದ ತಮ್ಮನನ್ನು ನೋಡಿದ, ಬಾಳೆಹಣ್ಣನ್ನೂ ಮರೆತು ಎದ್ದು ಹೋದ.

"ಆಟ ತಿಳಿಯಲೇ ಇಲ್ಲ ಅವರಿಗಿ," ಎಂದು ಮಾಸ್ತರು ಮುಖ ಸಪ್ಪಗೆ ಮಾಡಿಕೊಂಡರು. ಇಷ್ಟು ವರ್ಷ ಆ ಮುಖ ಕಂಡರೆ ನನಗೆ ಮೈಯೆಲ್ಲ ಉರಿಯುತ್ತಿತ್ತು. ಅವತ್ತು ಉರಿಯಲಿಲ್ಲ.

ತಮ್ಮ ಚಪ್ಪಲಿ ಬಿಟ್ಟು ಒಳಗೆ ಬಂದ, ಗೋಡೆಗೆ ಒರಗಿ ಕುಂತ.

"ನಾಳಿಗಿ ಅಕ್ಕನ ಕರ್ಕೊಂಡು ಹೋಗ್ತೀನಿ ಮಾಮಾ. ನೀವೂ ಬರ್ರಿ. ಡಬ್ಬಿ ಮಾತ್ರ ತರಬ್ಯಾಡ್ರಿ." ಆಮೇಲೆ ನನ್ನ ಕಡೆ ತಿರುಗಿ, "ಅಕ್ಕಾ, ಏರಿ ತಿರುಗಿ ತಿರುಗಿ ಗಂಟಲು ಒಣಗ್ಯಾದ. ಒಂದು ತಂಬಿಗಿ ನೀರು ಕೊಡು."