ಪುಟ್ಟಬಸಮ್ಮನ ಮೂಗಿಗೆ ಗೇಟ್ ಪಾಸ್

ದೇವನೂರಿನ ಪುಟ್ಟಬಸಮ್ಮ ನಂಜನಗೂಡಿನ ಒಂದು ಔಷಧ ಕಾರ್ಖಾನೆಯಲ್ಲಿ ಹನ್ನೊಂದು ವರ್ಷಗಳಿಂದ ತೊಳೆಯುವ ಕೆಲಸ ಮಾಡುತ್ತಿದ್ದಳು. ತೊಳೆಯುವುದು ಮನೆಯ ಪಾತ್ರೆಗಳನ್ನಲ್ಲ, ಆಳು ಇಳಿದು ನಿಲ್ಲುವಷ್ಟು ದೊಡ್ಡ ಸ್ಟೀಲ್ ಟ್ಯಾಂಕುಗಳನ್ನು. ಇವತ್ತು ಜ್ವರದ ಔಷಧ ಬೆರೆಸಿದ ಟ್ಯಾಂಕಿನಲ್ಲಿ ನಾಳೆ ಸಕ್ಕರೆ ಕಾಯಿಲೆಯದನ್ನು ಬೆರೆಸಬೇಕು. ಹಿಂದಿನದರ ಒಂದು ಕಣವೂ ಉಳಿಯಕೂಡದು. ಊರಿನಲ್ಲಿ ಯಾರಾದರೂ ಏನು ಕೆಲಸವೆಂದು ಕೇಳಿದರೆ, "ಇದ್ದದ್ದ ಇಲ್ದಂಗೆ ಮಾಡೋದು ಕಣವ್ವಾ" ಎನ್ನುತ್ತಿದ್ದಳು. ಅವಳು ತೊಳೆದ ಟ್ಯಾಂಕು ಚೊಕ್ಕಟವಿಲ್ಲವೆಂದು ಒಮ್ಮೆಯೂ ವಾಪಸು ಬಂದಿರಲಿಲ್ಲ.

ಆಮೇಲೆ ಬಂತು ಅಯಾನ್ ಮೊಬಿಲಿಟಿ ಸ್ಪೆಕ್ಟ್ರೋಮೀಟರ್ ಎಂಬ ಯಂತ್ರ. ತೊಳೆದ ಟ್ಯಾಂಕಿನಲ್ಲಿ ಏನಾದರೂ ಉಳಿದಿದೆಯೇ ಎಂದು ನೋಡಲು ಲ್ಯಾಬಿನಲ್ಲಿ ಅರ್ಧ ದಿನ ಹಿಡಿಯುತ್ತಿದ್ದ ಪರೀಕ್ಷೆಯನ್ನು ಇದು ಅರ್ಧ ನಿಮಿಷದಲ್ಲಿ ಮುಗಿಸುತ್ತದೆಯಂತೆ. ಟಿ. ನರಸೀಪುರದಿಂದ ಬರುವ ಕೆಮಿಸ್ಟ್ ರಂಜನಿ ಅವಳನ್ನು ಕರೆದು ತೋರಿಸಿದಳು.

"ಟ್ಯಾಂಕು ಒರೆಸಿದ ಬಟ್ಟೆನ ಈ ಬಾಯಿಗೆ ಕೊಡ್ತೀವಿ ಬಸಮ್ಮ. ಇದು ಕಾಯಿಸಿ ಆವಿ ಮಾಡತ್ತೆ. ಆವಿಗೆ ಚಾರ್ಜ್ ಕೊಟ್ಟು ಕೊಳವೆಯೊಳಗೆ ಓಡಿಸತ್ತೆ. ಎದುರುಗಡೆಯಿಂದ ಗಾಳಿ ಬೀಸ್ತಿರತ್ತೆ. ಸಣ್ಣದು ಬೇಗ ಗುರಿ ಮುಟ್ಟತ್ತೆ, ದಪ್ಪಂದು ತಡ. ಎಷ್ಟು ಹೊತ್ತು ಹಿಡೀತು ಅನ್ನೋದರ ಮೇಲೆ ಯಾವ ವಸ್ತು ಅಂತ ಗೊತ್ತಾಗತ್ತೆ."

"ಸಂತೇಲಿ ಬರಿಗೈಯವ್ನು ನುಸುಳ್ಕಂಡು ಓಯ್ತಾನೆ, ಉಲ್ಲೊರೆ ಒತ್ತವ್ಳು ಇಂದೆ ಉಳ್ಕತಾಳೆ. ಅಂಗೇ ತಾನೆ ಮೇಡಮ್ಮೋರೆ?"

ತಾನು ಐದು ವರ್ಷ ಓದಿದ್ದನ್ನು ಒಂದೇ ಉಸಿರಿಗೆ ಕೇಳಿಸಿಕೊಂಡ ರಂಜನಿ ಅದನ್ನು ತನ್ನ ನೋಟ್ ಪುಸ್ತಕದಲ್ಲಿ ಬರೆದುಕೊಂಡಳು.

ಪೂಜೆಯಾಗದೆ ಹೊಸ ಯಂತ್ರದ ಗುಂಡಿ ಒತ್ತುವಂತಿರಲಿಲ್ಲ. ಗುಣಮಟ್ಟ ವಿಭಾಗದ ಮುಖ್ಯಸ್ಥ ಜಯತೀರ್ಥರು ಕುಂಕುಮವಿಟ್ಟು, ಹೂ ಏರಿಸಿ, ಕರ್ಪೂರ ಹಚ್ಚಿ, ಯಂತ್ರದ ಬಾಯಿಯ ಮುಂದೆಯೇ ಮೂರು ಸುತ್ತು ಆರತಿ ಎತ್ತಿದರು. ಮೊದಲ ಪರೀಕ್ಷೆ ಪುಟ್ಟಬಸಮ್ಮನ ಟ್ಯಾಂಕಿನದು. ಪರದೆಯ ಮೇಲಿನ ಗೆರೆಯಲ್ಲಿ, ಯಾವ ವಸ್ತುವಿನದೆಂದು ಗೊತ್ತಾಗದ ಒಂದು ಉಬ್ಬು ಎದ್ದಿತು. ಫೇಲ್!

ಅವಳು ಮತ್ತೆ ತೊಳೆದಳು. ಅದೇ ಉಬ್ಬು. ಜಯತೀರ್ಥರಿಗೆ ಪೂಜೆಯಲ್ಲೇ ಏನೋ ಲೋಪವಾಗಿದೆ ಅನ್ನಿಸಿತು. ಮರುದಿನದಿಂದ ಬೆಳಗ್ಗೆ ಒಂದು ಆರತಿ, ಸಂಜೆ ಒಂದು ಆರತಿ ಎಂದು ಗೊತ್ತುಮಾಡಿದರು. ಉಬ್ಬು ಬೆಳೆಯಿತು. ಆರತಿಗೆ ಕರ್ಪೂರದ ಬಿಲ್ಲೆ ಎರಡಾಯಿತು. ಉಬ್ಬು ಪರದೆಯ ನೆತ್ತಿ ಮುಟ್ಟಿತು. ಶುಕ್ರವಾರದ ಹೊತ್ತಿಗೆ ಪುಟ್ಟಬಸಮ್ಮ ಒಂದೇ ಟ್ಯಾಂಕನ್ನು ಏಳು ಸಲ ತೊಳೆದಿದ್ದಳು.

"ವಯಸ್ಸಾಯ್ತು ಬಸಮ್ಮ, ಕೈ ಸೋತಿದೆ. ಸೋಮವಾರದಿಂದ ತೋಟದಲ್ಲಿ ಗಿಡಕ್ಕೆ ನೀರು ಬಿಡಿ" ಎಂದರು ಜಯತೀರ್ಥರು.

ಸಂಬಳ ಅಷ್ಟೇ ಇರುತ್ತಿತ್ತು. ಆದರೆ ಹೊಲಸು ಉಳಿಸಿದಳೆಂಬ ಹೆಸರು ಹೊತ್ತು ಗುಲಾಬಿ ಗಿಡದ ಮುಂದೆ ನಿಲ್ಲುವುದು ಅವಳಿಂದಾಗದು.

"ಏನೂ ಒರೆಸ್ದಲೆ ಒಸ ಬಟ್ಟೆ ಕೊಟ್ಟು ನೋಡಿ ಸಾ."

ಬರಿ ಬಟ್ಟೆಯ ಪರೀಕ್ಷೆಯನ್ನು ಮೊದಲ ದಿನವೇ ಮಾಡಬೇಕಿತ್ತು. ಅದರ ಫಾರಂ ಇನ್ನೂ ಸಹಿಯಾಗಿ ಬಂದಿರಲಿಲ್ಲ. ಫಾರಂ ಇಲ್ಲದೆ ರಂಜನಿ ಮಾಡುವಂತಿರಲಿಲ್ಲ. ಈಗ ಹೆದರುತ್ತಲೇ ಮಾಡಿದಳು. ಫೇಲ್. ಶುದ್ಧ ನೀರು ಅದ್ದಿದ ಬಟ್ಟೆ, ಫೇಲ್. ಜಯತೀರ್ಥರು ಸಿಟ್ಟಿನಿಂದ ತಮ್ಮ ಅಂಗೈ ಒರೆಸಿಕೊಟ್ಟರು. ಅದೂ ಫೇಲ್.

"ನಿಮ್ಮನ್ನೂ ಏಳ್ಸಲ ತೊಳೀಬೇಕಾ ಸಾ?" ಎಂದಳು ಪುಟ್ಟಬಸಮ್ಮ, ನಿಜವಾಗಿಯೂ ತಿಳಿಯದೆ. ಆಮೇಲೆ ಬಗ್ಗಿ ಯಂತ್ರದ ಬಾಯಿಗೆ ಮೂಗು ಹಿಡಿದಳು. "ಅಯ್ಯೋ ಸಿವನೇ, ಇದು ನಮ್ಮ ಟ್ಯಾಂಕಿಂದಲ್ಲ. ನೀವ್ ಅಚ್ಚಿದ ಕರ್ಪೂರ!"

ರಂಜನಿ ಕರ್ಪೂರದ ಚೂರು ಮುಟ್ಟಿದ ಬಟ್ಟೆ ಕೊಟ್ಟಳು. ಅದೇ ಜಾಗದಲ್ಲಿ, ಅದೇ ಹೊತ್ತಿಗೆ, ಅದೇ ಉಬ್ಬು. ಆರತಿ ನಿಂತಿತು. ಒಳಗೆ ಕೂತಿದ್ದ ಕರ್ಪೂರ ಬಿಡಲು ಎರಡು ದಿನ ಶುದ್ಧ ಗಾಳಿ ಹಾಯಿಸಿ ಕಾಯಿಸಬೇಕಾಯಿತು. ಸೋಮವಾರ ಟ್ಯಾಂಕು ಪಾಸಾಯಿತು.

ಉಳಿದದ್ದು ವರದಿ. ನೋಂದಾಯಿಸಿದ ಉಪಕರಣದಿಂದ ಮಾತ್ರ ದೋಷ ಪತ್ತೆಯಾಗಬೇಕೆಂಬುದು ಕಾರ್ಖಾನೆಯ ನಿಯಮ. 'ಹೆಂಗಸೊಬ್ಬಳು ಮೂಸಿ ಹೇಳಿದಳು' ಎಂದು ಬರೆಯಲು ಜಯತೀರ್ಥರ ಕೈ ಏಳಲಿಲ್ಲ. ಮಧ್ಯಾಹ್ನದವರೆಗೆ ಯೋಚಿಸಿ, ಅವಳ ಮೂಗನ್ನೇ ಉಪಕರಣವಾಗಿ ನೋಂದಾಯಿಸಿದರು. ಅದಕ್ಕೊಂದು ಸಂಖ್ಯೆ ಬಂತು. ಆರು ತಿಂಗಳಿಗೊಮ್ಮೆ ಅದು ಸರಿಯಾಗಿದೆಯೆಂದು ಪರೀಕ್ಷಿಸಬೇಕೆಂದೂ ಬರೆದಾಯಿತು. ನೋಂದಾಯಿಸಿದ ಉಪಕರಣವನ್ನು ವಿಭಾಗದಿಂದ ಕದಲಿಸುವಂತಿಲ್ಲವಾದ್ದರಿಂದ ತೋಟದ ಆದೇಶ ತಾನಾಗಿಯೇ ಬಿದ್ದುಹೋಯಿತು.

ಸಂಜೆ ಗೇಟಿನಲ್ಲಿ ಕಾವಲಿನ ನಂಜೇಶ್ ಅಡ್ಡ ನಿಂತ.

"ಬಸಮ್ಮಕ್ಕ, ಉಪಕರಣ ಆಚೆಗೆ ಓಗ್ತಾದೆ. ಪಾಸ್ ಬೇಕು."

"ಅದ ಬಿಚ್ಚಿಟ್ಟು ಓಗಾಕಾಯ್ತದಾ?"

"ನಂಗೇನ್ ಗೊತ್ತು, ಲಿಸ್ಟಲ್ಲಿ ಅದೆ." ಅವನು ಪುಸ್ತಕ ತೆಗೆದು ಗಂಭೀರವಾಗಿ ಬರೆದ. "ವಸ್ತು ಎಂಗದೆ?"

"ವಸಿ ನೆಗಡಿ."

"ಅಂಗಾದ್ರೆ ರಿಪೇರಿಗೆ ಅಂತ ಬರೀತೀನಿ. ವಾಪಸ್ ಯಾವಾಗ?"

"ನಾಳೀಕೆ ಎಂಟ್ ಗಂಟೆಗೆ, ತೊಳಿಯೋ ಜಾಗಕ್ಕೇ ಅಂತ ಬರ್ಕೊ" ಎಂದಳು ಪುಟ್ಟಬಸಮ್ಮ. "ದಪ್ಪಕ್ಷರದಲ್ಲಿ ಬರಿ ಕಣ್ಲಾ, ಸಾಹೇಬ್ರಿಗೆ ಕಾಣಂಗೆ."