ಸಮಾವೇಶದ ಪೋಸ್ಟಿಗೆ ಒಂದು ಹಿಡಿ ಅಕ್ಕಿ

ಸಿಂಧನೂರಿನ ಅಕ್ಕಿ ಮಿಲ್ಲೊಂದರಲ್ಲಿ ಕಂಪ್ಯೂಟರ್ ಮುಂದೆ ಕೂರುವವಳು ನಾನು. ಆ ವರ್ಷ ನಮ್ಮ ಸಾಹುಕಾರರೇ ಮಿಲ್ ಮಾಲೀಕರ ಸಂಘದ ಅಧ್ಯಕ್ಷರು. ಸಂಘದ ಸಮಾವೇಶಕ್ಕೆ ಹದಿನೈದು ದಿನ ಇರುವಾಗ ನನ್ನನ್ನು ಕರೆದು, "ದಿನಾ ಫೋನಿನ್ಯಾಗ ಮುಳುಗಿರ್ತೀಯಲ್ಲ, ಇದನ್ನೂ ಅದರಾಗ ಹಾಕು. ಹಾಲ್ ತುಂಬಲಿಲ್ಲಂದ್ರ ಮರುದಿನ ಕೆಲಸಕ್ಕ ಬರಬ್ಯಾಡ" ಅಂದರು. ನಗುತ್ತಲೇ ಅಂದರು. ನನಗೆ ನಗು ಬರಲಿಲ್ಲ.

ಮೊದಲ ವಾರ ಇನ್‌ಸ್ಟಾಗ್ರಾಮ್, ಫೇಸ್‌ಬುಕ್, ವಾಟ್ಸಾಪ್ ಎಲ್ಲದರಲ್ಲೂ ಸಾಹುಕಾರರ ಫೋಟೋ ಇರುವ ಪೋಸ್ಟರ್ ಹಾಕಿದೆ. ಬಂದದ್ದು ಬರೀ ಕೈ ಮುಗಿಯುವ ಚಿತ್ರಗಳು. ಬರುತ್ತೇವೆ ಎಂದವರು ಒಬ್ಬರೂ ಇಲ್ಲ. ಭಾನುವಾರ ತಲೆ ಕೆಟ್ಟು, ಮಿಲ್ಲಿನವರಿಗೆ ಅಕ್ಕಿಯನ್ನೇ ತೋರಿಸಿದರಾಯಿತೆಂದು ಮನೆಯ ಡಬ್ಬಿಯಿಂದ ಒಂದು ಹಿಡಿ ತೆಗೆದು, ಅಂಗೈ ಮೇಲೆ ಹರಡಿ ಫೋಟೋ ಹಿಡಿದೆ. 'ನಮ್ಮ ಅಕ್ಕಿ, ನಮ್ಮ ಹೆಮ್ಮೆ. ಸಮಾವೇಶಕ್ಕೆ ಬನ್ನಿ' ಎಂದು ಬರೆದು ಹಾಕಿ ಅಡುಗೆಗೆ ಎದ್ದೆ. ಅದು ನಮ್ಮ ಮಿಲ್ಲೇ ತಿಂಗಳು ತಿಂಗಳು ಕೆಲಸದವರಿಗೆ ಕೊಡುವ ಅಕ್ಕಿ.

ಮಿಲ್ಲಿನವರ ಕಣ್ಣು ಎಂಥದ್ದೆಂದು ಮರೆತೇಬಿಟ್ಟಿದ್ದೆ. ಅನ್ನ ಕುದಿಯುವಷ್ಟರಲ್ಲಿ ಫೋನು ಸುಮ್ಮನಿರದಾಯಿತು.

"ಅರ್ಧಾ ನುಚ್ಚೇ ಐತಲ್ಲ" ಎಂದು ಮಸ್ಕಿಯವರೊಬ್ಬರು. "ಪಾಲಿಶ್ ಮಾಡ್ಯಾರೋ, ಕೆರದಾರೋ?" ಎಂದು ಲಿಂಗಸುಗೂರಿನ ವ್ಯಾಪಾರಿ. "ಯಾವ ಮಿಲ್ಲಿಂದು ಹೇಳವಾ ತಂಗಿ" ಎಂದು ಎಲ್ಲರೂ. ಒಬ್ಬರ ಮೇಲೊಬ್ಬರಿಗೆ ಅನುಮಾನ; ಆ ಜಗಳದ ರುಚಿಗೇ ಜನ ಪೋಸ್ಟನ್ನು ಹಂಚತೊಡಗಿದರು. ಎಲ್ಲದರ ಮೇಲೆ ನಮ್ಮ ಸಾಹುಕಾರರ ಕಾಮೆಂಟು: "ಇಂಥಾ ಅಕ್ಕಿ ಮಾಡಿದವನ್ನ ಸಂಘದಿಂದ ಹೊರಗ ಹಾಕ್ತೀನಿ. ಸಮಾವೇಶಕ್ಕ ಬರ್ರಿ, ಅಲ್ಲೇ ಹೆಸರು ಹೇಳ್ತೀನಿ." ಓದಿ ನನಗೆ ನಗುವೂ ಬಂತು, ಬೆವರೂ ಬಂತು.

ಹಾಲ್ ಬಾಗಿಲವರೆಗೂ ತುಂಬಿತು. ತಮ್ಮದಲ್ಲವೆಂದು ತೋರಿಸಲು ಎಷ್ಟೋ ಮಂದಿ ತಮ್ಮ ಅಕ್ಕಿಯನ್ನು ಪೊಟ್ಟಣ ಕಟ್ಟಿ ತಂದಿದ್ದರು. ವೇದಿಕೆ ಹತ್ತುವ ಮುಂಚೆ ಸಾಹುಕಾರರು ನನ್ನ ಹತ್ತಿರ ಬಂದು, "ಈಗರ ಹೇಳು, ಯಾರ ಮಿಲ್ಲಿಂದು?" ಎಂದರು. ಸುಳ್ಳು ಹೇಳಬಹುದಿತ್ತು. ಆ ಅಕ್ಕಿ ಆರಿಸುತ್ತ ಅವ್ವ ದಿನಾ ಕಣ್ಣು ಕಿರಿದು ಮಾಡುವುದು ನೆನಪಾಗಿ ಸಿಟ್ಟು ಬಂತು.

"ನಮ್ಮದ ರೀ. ತಿಂಗಳಾ ನಮಗ ಕೊಡ್ತೀರಲ್ರೀ, ಅದ ಅಕ್ಕಿ."

ಅವರು ವೇದಿಕೆ ಹತ್ತಿದರು. "ಹೆಸರು ಹೇಳ್ರಿ" ಎಂದು ಸಭೆ ಕೂಗಿತು. ಅವರು ಮೈಕ್ ಹಿಡಿದು, "ಮೊದಲ ಊಟ ಮಾಡ್ರಿ" ಎಂದುಬಿಟ್ಟರು. ಆಗಿನ್ನೂ ಬೆಳಿಗ್ಗೆ ಹನ್ನೊಂದು.

ಮಿಲ್ಲಿನ ಕೆಲಸದವರು ಕೂತ ನಮ್ಮ ಪಂಕ್ತಿಗೆ ಸಾಹುಕಾರರು ಅನ್ನದ ಬುಟ್ಟಿ ತಾವೇ ಹೊತ್ತು ಬಂದರು. ಉದುರುದುರು ಅನ್ನ, ಒಂದು ನುಚ್ಚಿಲ್ಲ. ನನ್ನ ಮುಖ ನೋಡಲಿಲ್ಲ. ಸಾಕೇ ಎಂದು ಕೇಳದೆ ನನ್ನ ಎಲೆಗೆ ಹಾಕುತ್ತಲೇ ಇದ್ದರು. ನಾನೂ ಸಾಕು ಅನ್ನಲಿಲ್ಲ.